ನಜ್ಲಾ ತಿದ್ದಿದ ನಾಟಕ

ಅಲೆಕ್ಸಾಂಡ್ರಿಯಾ
1878 ಅಕ್ಟೋಬರ್ 12

ನಜ್ಲಾ ಅಕ್ಕನಿಗೆ,

ಈ ಕಾಗದ ತಲುಪುವ ಮೊದಲೇ ಸುದ್ದಿ ಹೋಮ್ಸ್ ತಲುಪಿರುತ್ತದೆ ಎಂದು ಬಲ್ಲೆ. ನಮ್ಮೂರಿಗೆ ಕೆಟ್ಟ ಸುದ್ದಿ ಹಡಗಿಗಿಂತ ಬೇಗ ಬರುತ್ತದೆ. ಹೌದು, ಬೈರೂತಿನ ಪತ್ರಿಕೆಯ ಕೆಲಸ ಬಿಟ್ಟೆ. ಇಲ್ಲಿ ನಾಟಕ ಮಂಡಳಿ ಕಟ್ಟಿದ್ದೇನೆ. ನಟರು ಎಲ್ಲಿಂದ ಒಳಗೆ ಬರಬೇಕು, ಎಲ್ಲಿ ದನಿ ಏರಿಸಬೇಕು ಎಂದು ಹೇಳಿಕೊಡುವವನು ಈಗ ನಾನು.

ಮೂರು ಪುಸ್ತಕ ಬರೆದವನಿಗೆ ಮುಖಕ್ಕೆ ಬಣ್ಣ ಬಳಿದುಕೊಳ್ಳುವವರ ಸಹವಾಸ ಯಾಕೆ ಎಂದು ಕೇಳುವವರಿಗೆ ನೀನೇ ಹೇಳು. ಹನ್ನೆರಡು ವರ್ಷ ಅಚ್ಚಿಗೆ ಬರೆದೆ. ನನ್ನನ್ನು ಓದಿದವರು ಮುನ್ನೂರು ಜನ. ಅವರಲ್ಲಿ ಅರ್ಧ ಮಂದಿ ಓದಿದ್ದು ವ್ಯಾಕರಣದ ತಪ್ಪು ಹುಡುಕಲು. ಕಳೆದ ಚಳಿಗಾಲ ಇಲ್ಲಿ ಇಟಲಿಯವರ ಆಟವೊಂದಕ್ಕೆ ಹೋಗಿದ್ದೆ. ಪಕ್ಕದಲ್ಲಿ ಬಂದರಿನ ಹಮಾಲಿಯೊಬ್ಬ ಕೂತು ಗಳಗಳ ಅಳುತ್ತಿದ್ದ. "ಏನಪ್ಪಾ, ನಿನಗೆ ಆ ಭಾಷೆ ಅರ್ಥ ಆಗುತ್ತಾ?" ಎಂದೆ. "ಅರ್ಥ ಯಾಕೆ ಬೇಕು ಯಜಮಾನ್ರೇ? ಆ ಹೆಂಗಸು ಕೂಗಿದ್ದು ನಿಮಗೆ ಕೇಳಿಸಲಿಲ್ವಾ?" ಎಂದ. ಅಕ್ಕಾ, ನನ್ನ ಮುನ್ನೂರು ಓದುಗರನ್ನು ಆ ಒಬ್ಬ ಹಮಾಲಿಗೆ ಕೊಟ್ಟುಬಿಡಲು ನಾನು ಸಿದ್ಧ.

ಈಗ ನಿನ್ನಿಂದ ಒಂದು ಉಪಕಾರವಾಗಬೇಕು. ನನ್ನ ಮೊದಲ ನಾಟಕವನ್ನು ಇದರ ಜೊತೆ ಕಳಿಸಿದ್ದೇನೆ. ಯುದ್ಧದಲ್ಲಿ ಸೋತ ರಾಜ, ಗೆದ್ದವನಿಗೆ ಮಗಳನ್ನು ಕೊಟ್ಟು ಸಂಧಿ ಮಾಡಿಕೊಳ್ಳುವ ಕಥೆ. ಮಗಳು ತಂದೆಯ ಆಜ್ಞೆಯನ್ನು ಕಿರೀಟದಂತೆ ತಲೆಯ ಮೇಲಿಟ್ಟುಕೊಂಡು ಹೊರಡುತ್ತಾಳೆ. ಪೂರ್ತಿ ಪ್ರಾಸಬದ್ಧ ಗದ್ಯ. ಬೈರೂತಿನ ಪಂಡಿತರೂ ತಲೆದೂಗಬೇಕು. ಒಬ್ಬೊಬ್ಬ ನಟನಿಗೂ ಅವನ ಮಾತುಗಳನ್ನು ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಡಬೇಕು. ಇಲ್ಲಿನ ಲಿಪಿಕಾರರು ಒಂದು ಪ್ರತಿ ನಮಗೆ ಕೊಟ್ಟು ಇನ್ನೊಂದನ್ನು ಎದುರಾಳಿ ಮಂಡಳಿಗೆ ಮಾರುತ್ತಾರೆ. ನನಗೆ ಗೊತ್ತಿರುವವರಲ್ಲಿ ನಿನ್ನಷ್ಟು ದುಂಡಾದ ಅಕ್ಷರ ಯಾರದೂ ಇಲ್ಲ. ಕಲಿಸಿದವನು ನಾನೇ ತಾನೆ!

ನಿನ್ನ ತಮ್ಮ,
ರಿಜ್ಕಲ್ಲಾ

ಹೋಮ್ಸ್
1878 ನವೆಂಬರ್ 20

ರಿಜ್ಕ್,

ನೀನು ಹೇಳಿದ್ದು ಸರಿ. ಕಾಗದಕ್ಕಿಂತ ಹತ್ತು ದಿನ ಮೊದಲೇ ಸುದ್ದಿ ಬಂತು. ಅಪ್ಪ ಹೋದ ಮೇಲೆ ಈ ಮನೆಗೆ ತಾನೇ ಯಜಮಾನ ಎಂದುಕೊಂಡಿರುವ ತೂಮಾ ಚಿಕ್ಕಪ್ಪ ಚರ್ಚಿನಿಂದ ನೆಟ್ಟಗೆ ಮಗ್ಗದ ಕೋಣೆಗೆ ಬಂದ. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಕೇಳಿದ್ಯಾ? ನಿನ್ನ ತಮ್ಮ ಕೋತಿ ಆಡಿಸೋನಾಗಿದ್ದಾನೆ."

"ಎಷ್ಟು ಕೋತಿಯಂತೆ ಚಿಕ್ಕಪ್ಪಾ?"

"ಹದಿನಾಲ್ಕು. ಅದರಲ್ಲಿ ಎರಡು ಹೆಣ್ಣಂತೆ! ನಾಚಿಕೆಗೇಡು!"

"ಅಷ್ಟೊಂದನ್ನ ಆಡಿಸ್ತಾನಾ? ನಮ್ಮ ಮನೇಲಿರೋದು ಒಂದೇ, ಅದನ್ನ ಸುಧಾರಿಸೋದೇ ನನಗೆ ಸಾಕಾಗಿದೆ."

ಮೂರು ದಿನ ನನ್ನ ಜೊತೆ ಮಾತು ಬಿಟ್ಟ. ಆ ಮೂರು ದಿನದಲ್ಲಿ ಪ್ರತಿ ಮಾಡುವ ಕೆಲಸ ಚೆನ್ನಾಗಿ ಸಾಗಿತು.

ಹದಿನಾಲ್ಕು ಪಾತ್ರವನ್ನೂ ಬೇರೆ ಬೇರೆಯಾಗಿ ಹೊಲಿದು, ರೇಷ್ಮೆ ದಾರದಲ್ಲಿ ಕಟ್ಟಿ, ತರಾಬ್ಲಸ್ ಬಂದರಿಗೆ ಹೋಗುವ ಹೇಸರಗತ್ತೆಯವನ ಕೈಯಲ್ಲಿ ಕಳಿಸಿದ್ದೇನೆ. ನಿನ್ನ ರಾಜ ಬಹಳ ಮಾತಾಡುತ್ತಾನೆ. ಅವನ ಹಾಳೆಗೆ ಎರಡು ದವತಿ ಮಸಿ ಹಿಡಿಯಿತು. ರಾಜಕುಮಾರಿಯ ಮಾತು ಕಡಿಮೆ. ಆದರೂ ಬರೆಯಲು ಎಲ್ಲರದಕ್ಕಿಂತ ಹೆಚ್ಚು ದಿನ ತೆಗೆದುಕೊಂಡಿತು. ಕಣ್ಣು ಮೊದಲಿನಂತಿಲ್ಲ, ಏನು ಮಾಡುವುದು.

ದ್ರಾಕ್ಷಿ ಕಾಕಂಬಿಯ ಜಾಡಿಯನ್ನೂ ಇಟ್ಟಿದ್ದೇನೆ. ನಟರಿಗೆ ಹಂಚಬೇಡ, ನೀನು ತಿನ್ನು.

ನಜ್ಲಾ

ಅಲೆಕ್ಸಾಂಡ್ರಿಯಾ
1879 ಜನವರಿ 5

ಅಕ್ಕಾ,

ನಿನ್ನ ಕಣ್ಣು ನೆಟ್ಟಗಿದೆ. ಕೆಟ್ಟಿರುವುದು ಕೈ!

ನಿನ್ನೆ ಮೂರನೆಯ ಅಂಕದ ತಾಲೀಮು. ರಾಜಕುಮಾರಿಯ ಪಾತ್ರ ಲಬೀಬೆಯದು. ಬೈರೂತಿನವಳು, ಗಂಡ ಬಿಟ್ಟವಳು, ಮಂಡಳಿಯಲ್ಲಿ ನಿಜವಾಗಿ ನಟಿಸಲು ಬರುವುದು ಅವಳೊಬ್ಬಳಿಗೇ. "ಓ ತಂದೆಯೇ, ನಿನ್ನ ಆಜ್ಞೆ ನನ್ನ ಶಿರದ ಮಕುಟ, ಅದರ ಭಾರವೇ ನನ್ನ ಭಾಗ್ಯದ ಮುಕುರ" ಎಂದು ಅವಳು ಶುರುಮಾಡಬೇಕಿತ್ತು. ಶುರುಮಾಡಿದ್ದು ಹೀಗೆ: "ಅಪ್ಪಾ, ಸೋತದ್ದು ನೀನು. ತೆರೋದು ನಾನ್ಯಾಕೆ?"

ನಾನು ಹಾಳೆ ಕಿತ್ತುಕೊಂಡು ನೋಡಿದೆ. ನಿನ್ನ ದುಂಡಾದ ಅಕ್ಷರ.

ಅಕ್ಕಾ, ಆ ಒಂದು ಸಾಲಿಗಾಗಿ ಎರಡು ವಾರ ಕೂತಿದ್ದೆ ನಾನು. ಪ್ರತಿ ಮಾಡು ಎಂದರೆ ಪ್ರತಿ ಮಾಡಬೇಕು. ಅದೂ ಎಂಥ ಮಾತು! ರೊಟ್ಟಿ ಅಂಗಡಿಯ ಮುಂದೆ ಸರತಿಯಲ್ಲಿ ನಿಂತವರು ಆಡುವ ಮಾತು. ಹಳೆಯದನ್ನೇ ಹೇಳು ಎಂದು ಲಬೀಬೆಗೆ ಹೇಳಿದೆ.

"ಆಗಲ್ಲ ಮಾಸ್ತರ್ರೇ. ಇದನ್ನ ಹೇಳಿದ ಬಾಯಲ್ಲಿ ಆ ಮುಕುರ ಗಿಕುರ ಬರಲ್ಲ."

"ನಾಟಕ ಬರೆದವನು ನಾನಮ್ಮಾ!"

"ಹಾಗಾದ್ರೆ ಲಂಗ ಹಾಕ್ಕೊಂಡು ನೀವೇ ಹೇಳಿ. ಮೀಸೆ ಬೋಳಿಸೋಕೆ ನಾನು ಸಹಾಯ ಮಾಡ್ತೀನಿ."

ಎಲ್ಲರೂ ನಕ್ಕರು. ರಾಜನ ಪಾತ್ರದ ಅಬು ದೀಬ್ ಅಂತೂ, "ಹೋಮ್ಸಿನವರಿಗೆ ಬುಧವಾರ ಬುದ್ಧಿ ಇರಲ್ಲ ಅಂತಾರಲ್ಲ, ಇವತ್ತು ಬುಧವಾರವೇನ್ರೋ?" ಎಂದ. ಸದ್ಯಕ್ಕೆ ಆ ಸಾಲು ಹಾಗೇ ಇದೆ. ಸದ್ಯಕ್ಕೆ ಮಾತ್ರ. ಯಾಕೆ ಹೀಗೆ ಮಾಡಿದೆ ಎಂದು ಬರೆ.

ರಿಜ್ಕಲ್ಲಾ

ಹೋಮ್ಸ್
1879 ಫೆಬ್ರವರಿ 1

ರಿಜ್ಕ್,

ಒಂದನ್ನೇ ಕಂಡೆಯಾ? ಹನ್ನೊಂದು ಕಡೆ ತಿದ್ದಿದ್ದೇನೆ.

ಯಾಕೆ ಎಂದು ಹೇಳುವುದಿಲ್ಲ. ಬರೆದವನಿಗೆ ಅರ್ಥವಾಗದಿದ್ದರೆ ಪ್ರತಿ ಮಾಡಿದವಳು ಏನು ಹೇಳಿಯಾಳು? ಲಬೀಬೆಗೆ ನನ್ನ ನಮಸ್ಕಾರ ತಿಳಿಸು. ಮುಂದಿನ ಸಲ ಕಾಕಂಬಿ ಅವಳಿಗೆ.

ನಜ್ಲಾ

ಅಲೆಕ್ಸಾಂಡ್ರಿಯಾ
1879 ಮಾರ್ಚ್ 2

ನನ್ನ ಅಕ್ಕನಿಗೆ,

ಉಳಿದ ಹತ್ತನ್ನು ಹುಡುಕಲು ಮೂರು ದಿನ ಕೂತೆ. ಏಳು ಸಿಕ್ಕವು. ಇನ್ನು ಮೂರನ್ನು ನಾನೇ ಬರೆದದ್ದು ಎಂದು ಈಗಲೂ ಅನ್ನಿಸುತ್ತಿದೆ.

ಅದಿರಲಿ. ಫೆಬ್ರವರಿ ಇಪ್ಪತ್ತಕ್ಕೆ ಮೊದಲ ಆಟವಾಯಿತು. ಏನೆಂದು ಬರೆಯಲಿ! ಕೆಳಗಡೆ ಟೋಪಿ ಧರಿಸಿದ ದೊಡ್ಡವರು. ಮೇಲಿನ ಅಂತಸ್ತಿನಲ್ಲಿ ಹಮಾಲಿಗಳು, ದೋಣಿಯವರು, ಹೊಲ ಬಿಟ್ಟು ಪಟ್ಟಣಕ್ಕೆ ಬಂದ ರೈತರು. ಎರಡು ಅಂಕ ಮುಗಿಯುವವರೆಗೂ ಮೇಲಿನವರು ಕಡಲೆಬೀಜ ತಿನ್ನುತ್ತಿದ್ದರು. ಮೂರನೆಯ ಅಂಕದಲ್ಲಿ ಲಬೀಬೆ ನಿನ್ನ ಮಾತು ಹೇಳಿದಳು. ಜಗಿಯುವ ಸದ್ದು ನಿಂತಿತು. ಆಮೇಲೆ ಮೇಲಿನಿಂದ ಒಂದು ದನಿ: "ಇನ್ನೊಂದ್ಸಲ ಹೇಳವ್ವಾ!" ಅವಳು ಹೇಳಿದಳು. ಮೂರನೆಯ ಸಲ ಅವಳು ಹೇಳಬೇಕಾಗಲಿಲ್ಲ. ಇಡೀ ಅಂತಸ್ತೇ ಎದ್ದು ನಿಂತು ಕೂಗಿತು. ಧೂಳು ಉದುರಿ ಅಬು ದೀಬನ ಕಿರೀಟದ ಮೇಲೆ ಬಿತ್ತು.

ಆಗ ನನಗೆ ಬುದ್ಧಿ ಬಂತು. ಈ ದೇಶವನ್ನು ಆಳುವವರು ಮಾಡಿದ ಸಾಲಕ್ಕೆಲ್ಲ ಈ ಜನ ಚಾಟಿಯೇಟು ತಿನ್ನುತ್ತಾ ತೆರಿಗೆ ತೆರುತ್ತಿದ್ದಾರೆ. ನೀನು ಹೋಮ್ಸಿನ ಮಗ್ಗದ ಕೋಣೆಯಲ್ಲಿ ಕೂತು ಈಜಿಪ್ಟಿನ ರೈತನ ನೋವು ಹಿಡಿದುಬಿಟ್ಟೆಯಲ್ಲ! ನನ್ನಕ್ಕ ರಾಜಕೀಯ ಬಲ್ಲವಳು ಎಂದು ನನಗೇ ಗೊತ್ತಿರಲಿಲ್ಲ.

ಐದು ಆಟ ತುಂಬಿ ನಡೆದವು. ಈಗ ಕೆಲವು ದಿನ ಬಿಡುವು. ನಾಟಕಶಾಲೆಯ ಸೂರು ರಿಪೇರಿಯಾಗುತ್ತಿದೆ.

ರಿಜ್ಕಲ್ಲಾ

ಹೋಮ್ಸ್
1879 ಏಪ್ರಿಲ್ 6

ರಿಜ್ಕಲ್ಲಾ,

ನಿನ್ನ ಈಜಿಪ್ಟಿನ ದೊರೆ ಬೆಳ್ಳಗಿದ್ದಾನೋ ಕಪ್ಪಗಿದ್ದಾನೋ ನನಗೆ ಗೊತ್ತಿಲ್ಲ. ಆ ಮಾತನ್ನು ನಾನು ಬರೆದದ್ದು ನಮ್ಮ ಅಪ್ಪನಿಗೆ.

ಮರೆತಿದ್ದೀಯಾ? ಮರೆತಿರಬಹುದು, ನಿನಗಾಗ ಹನ್ನೊಂದು ವರ್ಷ. ಕಾಲುವೆಯ ನೀರಿಗಾಗಿ ಜಗಳವಾಗಿ, ಅಪ್ಪ ಬೀಸಿದ ಕಲ್ಲಿಗೆ ಬಣ್ಣ ಹಾಕುವವರ ಮನೆಯ ಬುತ್ರುಸನ ಒಂದು ಕಣ್ಣು ಹೋಯಿತು. ಹಿರಿಯರು ಸೇರಿ ಕಾಫಿ ಕುಡಿದು ತೀರ್ಮಾನಿಸಿದರು: ಕಣ್ಣಿಗೆ ಕಣ್ಣು ಬೇಡ, ಹೆಣ್ಣು ಕೊಟ್ಟು ರಾಜಿ ಮಾಡಿಕೊಳ್ಳಿ. ನನಗೆ ಹದಿನೈದು. ಇಪ್ಪತ್ತಾರು ವರ್ಷ ಆ ಮನೆಯಲ್ಲಿ ಬಾಳಿದೆ. ಬುತ್ರುಸ್ ಕೆಟ್ಟವನಲ್ಲ. ಆದರೆ ದಿನಾ ಬೆಳಿಗ್ಗೆ ಎದ್ದು ನನ್ನನ್ನು ಉಳಿದ ಒಂದು ಕಣ್ಣಿನಿಂದ ನೋಡುತ್ತಿದ್ದ, ಸಾಯುವ ದಿನದವರೆಗೂ. ಅವನು ಹೋದ ಮೇಲೆಯೇ ನಾನು ಅಪ್ಪನ ಮನೆಗೆ ಮರಳಿದ್ದು. ಆ ನೋಟ ಎಂಥದು ಎಂದು ನಿನ್ನ ಯಾವ ಪುಸ್ತಕದಲ್ಲೂ ಇಲ್ಲ.

ನನ್ನನ್ನು ಹೊರಡಿಸಿದ ದಿನ ನೀನು ಅಂಗಳದಲ್ಲಿ ಜರಿಯಂಗಿ ತೊಟ್ಟು ನಿಂತು ಒಂದು ಪದ್ಯ ಓದಿದೆ. ಅಪ್ಪನ ಔದಾರ್ಯವನ್ನು ಹೊಗಳಿ. ಅದೇ ನೀನು ಬರೆದ ಮೊದಲ ಪದ್ಯ. ಎಲ್ಲರೂ ಭೇಷ್ ಎಂದರು. ನಿನ್ನ ಬಾಯಿಗೆ ಬಾದಾಮಿ ಮಿಠಾಯಿ ತುಂಬಿದರು. ನಾನು ಕುದುರೆಯ ಮೇಲೆ ಕೂತು ಕೇಳಿಸಿಕೊಂಡೆ. ಅಂದಿನಿಂದ ನೀನು ಕವಿ, ನಾನು ದಂಡ.

ಈಗ ಸೂರಿನ ವಿಷಯ. ತರಾಬ್ಲಸ್‌ನ ಸಾಬೂನು ವ್ಯಾಪಾರಿ ಮೊನ್ನೆ ಅಲೆಕ್ಸಾಂಡ್ರಿಯಾದಿಂದ ಬಂದ. ನಾಟಕಶಾಲೆಯ ಸೂರು ಗಟ್ಟಿಯಾಗಿದೆಯಂತೆ. ಬಾಗಿಲಿಗೆ ಅರಗಿನ ಮುದ್ರೆ ಬಿದ್ದಿದೆಯಂತೆ. ಬಾಗಿಲು ತೆಗೆಸಲು ನೀನು ನನ್ನ ಸಾಲನ್ನು ಹೊಡೆದುಹಾಕುತ್ತೀಯ ಎಂದು ನನಗೆ ಗೊತ್ತು. ಹೊಡೆದುಹಾಕು. ಮಕುಟ ಮುಕುರ ಹಾಕಿಕೋ. ಆದರೆ ನನಗೆ ಸುಳ್ಳು ಹೇಳಬೇಡ.

ನಜ್ಲಾ

ಅಲೆಕ್ಸಾಂಡ್ರಿಯಾ
1879 ಮೇ 12

ಅಕ್ಕಾ,

ಪದ್ಯ ಮರೆತಿಲ್ಲ. ಪ್ರತಿ ಸಾಲೂ ನೆನಪಿದೆ. ನೆನಪಿಲ್ಲದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಮೂವತ್ತು ವರ್ಷ ನಾನು ಆ ಒಂದು ಪದ್ಯವನ್ನೇ ಮತ್ತೆ ಮತ್ತೆ ಬರೆದಿದ್ದೇನೆ ಎಂದು ನಿನ್ನ ಕಾಗದ ಓದಿದಾಗ ಹೊಳೆಯಿತು. ಈ ನಾಟಕವೂ ಅದೇ ಪದ್ಯ. ಉದ್ದ ಮಾತ್ರ ಜಾಸ್ತಿ. ಕ್ಷಮೆ ಕೇಳುವುದು ಹೇಗೆಂದು ತಿಳಿಯುತ್ತಿಲ್ಲ. ಆದದ್ದನ್ನು ಆದಂತೆ ಹೇಳುತ್ತೇನೆ.

ಐದನೆಯ ಆಟದ ಮರುದಿನ ಸಫ್ವತ್ ಬೇ ಎಂಬ ಅಧಿಕಾರಿ ಕರೆಸಿದ. ನಾಟಕಗಳಿಗೆ ಪರವಾನಗಿ ಕೊಡುವವನು ಅವನೇ. ಕಾಫಿ ತರಿಸಿದ. ಮೇಜಿನ ಮೇಲೆ ನನ್ನ ಮೂರೂ ಪುಸ್ತಕ ಇದ್ದವು.

"ಆ ಮಾತು ಬರೆದದ್ದು ಯಾರು?"

"ನಾನೇ."

"ನಿಮ್ಮ ಪುಸ್ತಕ ಎಲ್ಲಾ ಓದಿದೀನಿ ರಿಜ್ಕಲ್ಲಾ ಎಫೆಂದಿ. ಅಷ್ಟು ಚಿಕ್ಕ ವಾಕ್ಯ ಬರೆಯೋಕೆ ನಿಮಗೆ ಬರಲ್ಲ."

ಅಕ್ಕಾ, ನನ್ನ ಬರವಣಿಗೆಯ ಬಗ್ಗೆ ಇಷ್ಟು ಸರಿಯಾದ ಮಾತನ್ನು ಈವರೆಗೆ ಯಾರೂ ಆಡಿರಲಿಲ್ಲ.

"ಈಗ ಕಲಿತಿದೀನಿ" ಎಂದೆ.

"ಸರಿ. ಕಲಿತದ್ದನ್ನ ಮರೀರಿ. ಆ ಸಾಲು ಅಳಿಸಿ, ನಾಳೇನೇ ಬಾಗಿಲು ತೆಗೀತೀನಿ. ಇಲ್ಲ, ಇನ್ನು ನಾಟಕ ಆಡಿಸಲ್ಲ ಅಂತ ಇಲ್ಲಿ ರುಜು ಹಾಕಿ."

"ಅಳಿಸೋಣ ಅಂದ್ರೆ ಅದು ನನ್ನ ಹತ್ರ ಇಲ್ಲ ಬೇ ಅವರೇ. ಮೇಲಿನ ಅಂತಸ್ತಿನವರು ಮನೆಗೆ ತೊಗೊಂಡು ಹೋಗಿಬಿಟ್ಟಿದಾರೆ. ಅವರವರ ಮನೆಗೆ ಹೋಗಿ ನೀವೇ ಕೇಳಿ ಇಸ್ಕೊಳ್ಳಿ."

ರುಜು ಹಾಕಲಿಲ್ಲ. ಸೂರು ರಿಪೇರಿ ಎಂದು ಬರೆದೆನಲ್ಲ, ಅದಾದ ವಾರಕ್ಕೆ ಒಳಗೆ ಹಾಕಿದರು. ಹನ್ನೊಂದು ದಿನ ಇದ್ದೆ. ಬೇಯಿಸಿದ ಅವರೆಕಾಳು, ಒಣರೊಟ್ಟಿ, ತಿಗಣೆ. ಲಬೀಬೆ ದಿನಾ ಬಾಗಿಲ ಹೊರಗೆ ನಿಂತು ಕಾವಲಿನವನಿಗೆ ಕೇಳಿಸುವಂತೆ ಆ ಸಾಲನ್ನು ಹೇಳಿ ಹೋಗುತ್ತಿದ್ದಳು. ಕೊನೆಗೆ ಕಾವಲಿನವನೇ, "ಇವತ್ತು ಇನ್ನೂ ಬಂದಿಲ್ಲವಲ್ಲ ನಿಮ್ಮ ರಾಜಕುಮಾರಿ" ಎಂದು ದಾರಿ ನೋಡತೊಡಗಿದ.

ನಿನ್ನ ಸಾಲು ಹೊಡೆದುಹಾಕಿಲ್ಲ. ಆದರೆ ನನ್ನದು ಎಂದು ಹೇಳಿಕೊಂಡೆ. ನಿನ್ನ ಹೆಸರು ಬರಬಾರದು ಎಂದು ಹಾಗೆ ಹೇಳಿದೆ ಎಂದುಕೊಂಡಿದ್ದೆ. ಈಗ ಅನುಮಾನ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಆಗಿತ್ತು.

ದೇಶ ಬಿಡುವಂತೆ ಆಜ್ಞೆಯಾಗಿದೆ. ಅಬು ದೀಬ್ ಎದುರಾಳಿ ಮಂಡಳಿ ಸೇರಿದ. ಉಳಿದವರು ಚೆದುರಿದರು. ಲಬೀಬೆ ಮಾತ್ರ ಜೊತೆಗಿದ್ದಾಳೆ. ಮುಂದಿನ ತಿಂಗಳು ಹಡಗು ಹತ್ತುತ್ತೇವೆ. ನಿನ್ನ ಹತ್ತಿರವಿರುವ ಮೂಲ ಪ್ರತಿಯನ್ನು ಸುಟ್ಟುಬಿಡು. ನಿನಗೆ ಏನೂ ಆಗಬಾರದು.

ರಿಜ್ಕ್

ಹೋಮ್ಸ್
1879 ಜೂನ್ 10

ರಿಜ್ಕ್,

ಸುಡುವುದಿಲ್ಲ.

ನಾನೂ ಒಂದು ಮುಚ್ಚಿಟ್ಟಿದ್ದೇನೆ. ಚಳಿಗಾಲದಿಂದ ಪ್ರತಿ ಗುರುವಾರ ಮಧ್ಯಾಹ್ನ ಮಗ್ಗದ ಕೋಣೆಯಲ್ಲಿ ನಿನ್ನ ನಾಟಕ ಓದುತ್ತಿದ್ದೇನೆ. ನೂಲು ಸುತ್ತುವ ಹೆಂಗಸರಿಗೆ. ಮೊದಲು ನಾಲ್ಕು ಜನ, ಈಗ ಮೂವತ್ತು. ಕೆಲವರು ಒಂದೊಂದು ಪಾತ್ರ ಹಿಡಿದಿದ್ದಾರೆ. ಓದು ಬಾರದವರು ಕೇಳಿಯೇ ಬಾಯಿಪಾಠ ಮಾಡಿದ್ದಾರೆ.

ಹೋದ ಗುರುವಾರ ತೂಮಾ ಚಿಕ್ಕಪ್ಪ ಪಾದ್ರಿಯನ್ನು ಕರೆತಂದ.

"ಏನಿದು? ಚರ್ಚಿಗಿಂತ ಇಲ್ಲೇ ಜಾಸ್ತಿ ಜನ ಇದಾರಲ್ಲ!" ಎಂದರು ಪಾದ್ರಿ.

"ಇಲ್ಲಿ ಅವರಿಗೂ ಮಾತಾಡೋಕೆ ಬಿಡ್ತೀವಿ ಸ್ವಾಮೀ" ಎಂದೆ.

ಚಿಕ್ಕಪ್ಪ ಕೆಂಡವಾದ. "ಈ ಮನೇಲಿ ಆ ಕಾಗದ ಇರಬೇಕು, ಇಲ್ಲ ನೀನಿರಬೇಕು. ಯಾವುದು ಹೇಳು."

"ಇಬ್ಬರೂ ಹೋಗ್ತೀವಿ" ಎಂದೆ.

ಹಾಸಿಗೆ, ಒಂದು ತಾಮ್ರದ ಪಾತ್ರೆ, ನಿನ್ನ ನಾಟಕ. ಇಷ್ಟೇ ಹೊತ್ತು ಹೊರಟೆ. ಮೂವತ್ತು ಹೆಂಗಸರೂ ಹಿಂದೆ ಬಂದರು. ಬೀದಿಯಲ್ಲಿ ಯಾರದೋ ಹೆಣ ಹೊರಟಿದೆ ಎಂದು ಗಂಡಸರು ಎದ್ದು ನಿಂತರು. ಈಗ ಉಮ್ ಸಲ್ಲೂಮಳ ಛತ್ರದಲ್ಲಿದ್ದೇನೆ. ಗಂಡ ಸತ್ತ ಮೇಲೆ ಛತ್ರ ನಡೆಸುತ್ತಿರುವವಳು ಅವಳೇ. ಯಾತ್ರಿಕರು ಹೋದ ಮೇಲೆ ಅಂಗಳ ಖಾಲಿ. "ಓದಿದ್ದು ಸಾಕು ಕಣೇ, ಆಡಿಬಿಡಿ. ಹೆಂಗಸರ ಮುಂದೆ ಹೆಂಗಸರು ಆಡೋದಕ್ಕೆ ಯಾರಪ್ಪನ ಅಪ್ಪಣೆ ಬೇಕು?" ಎಂದಿದ್ದಾಳೆ.

ನೀನು ಆ ಸಾಲು ನಿನ್ನದೆಂದದ್ದನ್ನು ಕ್ಷಮಿಸಿಲ್ಲ. ಹೆಮ್ಮೆಯಾಯಿತು ಎಂದು ಒಪ್ಪಿಕೊಂಡದ್ದು ಮೆಚ್ಚಿದೆ. ಇಲ್ಲಿ ಅದನ್ನು ನನ್ನ ಹೆಸರಿನಲ್ಲೇ ಆಡುತ್ತೇವೆ. ಬಾ.

ನಜ್ಲಾ

ತರಾಬ್ಲಸ್ ಬಂದರು
1879 ಜೂನ್ 29

ಅಕ್ಕಾ,

ಇಲ್ಲಿ ಇಳಿದೆವು. ನಿನ್ನ ಕಾಗದ ಸಾಬೂನು ವ್ಯಾಪಾರಿಯ ಅಂಗಡಿಯಲ್ಲಿ ಕಾದಿತ್ತು, ಅವನೇ ಇಲ್ಲಿಗೆ ತಂದುಕೊಟ್ಟ. ಆದರೆ ಈಜಿಪ್ಟಿನ ಹಡಗು ಎಂದು ಹದಿನೈದು ದಿನ ರೋಗಭೀತಿಯ ದಿಗ್ಬಂಧನ. ಕಬ್ಬಿಣದ ಕಟಕಟೆಯ ಈಚೆ ಗಂಡಸರು, ಆಚೆ ಹೆಂಗಸರು. ಲಬೀಬೆ ಆಗಲೇ ಆ ಕಡೆ ಹತ್ತು ಜನರನ್ನು ಸೇರಿಸಿಕೊಂಡಿದ್ದಾಳೆ.

ನಾನು ಬರುವವರೆಗೆ ಆಡಬೇಡಿ. ಅನುಭವವಿಲ್ಲದವರು ನೀವು. ಅಲ್ಲದೆ ರಾಜ ಯಾರು? ಅಷ್ಟು ದೊಡ್ಡ ಪಾತ್ರ ಹೊರುವವರು ನಿಮ್ಮಲ್ಲಿ ಯಾರಿದ್ದಾರೆ?

ರಿಜ್ಕ್

ಹೋಮ್ಸ್
1879 ಜುಲೈ 6

ರಿಜ್ಕ್,

ನಿನ್ನ ಕಾಗದ ಬರುವಾಗ ಅಂಗಳದಲ್ಲಿ ಚಾಪೆ ಹಾಸಿ ಆಗಿತ್ತು. ನಿನ್ನೆ ಮಧ್ಯಾಹ್ನ ಆಡಿದೆವು.

ಇನ್ನೂರು ಹೆಂಗಸರು. ಮುಸಲ್ಮಾನರ ಕೇರಿಯವರೂ ಬಂದಿದ್ದರು. ಗಂಡಸರು ಹೊರಗೆ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದರು. ಅವರಲ್ಲಿ ಚಿಕ್ಕಪ್ಪನೂ ಇದ್ದನಂತೆ, ಮಾಂಸ ಕೊಳ್ಳಲು ಬಂದವನ ಹಾಗೆ.

ರಾಜ ಯಾರು ಎಂದು ಕೇಳಿದೆಯಲ್ಲ. ರಾಜನಾಗಲು ಯಾರೂ ಒಪ್ಪಲಿಲ್ಲ. "ಅವನ ಮಾತು ನನ್ನ ಬಾಯಲ್ಲಿ ಬೇಡ" ಎಂದು ಎಲ್ಲರೂ ಹಾಳೆ ಹಿಂದಕ್ಕೆ ಕೊಟ್ಟರು. ಕೊನೆಗೆ ನಾನೇ ಆದೆ. ಉಮ್ ಸಲ್ಲೂಮಳ ಗಂಡನ ನಿಲುವಂಗಿ, ಕುರಿಯ ಉಣ್ಣೆಯ ಗಡ್ಡ. ನನ್ನ ಮಗಳಾದವಳು ನೂಲು ಸುತ್ತುವ ಹನ್ನೆ ಎಂಬ ಹುಡುಗಿ.

ಮೂರನೆಯ ಅಂಕ ಬಂತು. ಹನ್ನೆ ಎದುರಿಗೆ ನಿಂತು, ಕೂಗದೆ, ಮನೆಯಲ್ಲಿ ಕೇಳುವ ಹಾಗೆ ಕೇಳಿದಳು: "ಅಪ್ಪಾ, ಸೋತದ್ದು ನೀನು. ತೆರೋದು ನಾನ್ಯಾಕೆ?"

ಮುಂದೆ ರಾಜನದು ಹನ್ನೆರಡು ಸಾಲು. ಪ್ರತಿ ಮಾಡಿದವಳು ನಾನೇ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ಒಂದೂ ಬಾಯಿಗೆ ಬರಲಿಲ್ಲ. ಮರೆತದ್ದಲ್ಲ. ಒಂದೊಂದೂ ನಾಲಿಗೆಯವರೆಗೆ ಬಂದು, ಆ ಹುಡುಗಿಯ ಮುಖ ನೋಡಿ ವಾಪಸು ಹೋಯಿತು. ನಾನು ಬರೆದ ಪ್ರಶ್ನೆಗೆ ನಾನೇ ಉತ್ತರ ಹೇಳಬೇಕಾಗಿ ಬಂದಿತ್ತು, ಅದೂ ಅಪ್ಪನ ಜಾಗದಲ್ಲಿ ನಿಂತು. ಅಪ್ಪನಿಗೂ ಹೀಗೇ ಆಗುತ್ತಿತ್ತೇನೋ. ಯಾರಿಗೆ ಗೊತ್ತು? ಆ ದಿನ ನಾನು ಕೇಳಿರಲೇ ಇಲ್ಲವಲ್ಲ. ಅವನನ್ನು ಕ್ಷಮಿಸಿದೆ ಎಂದು ತಿಳಿಯಬೇಡ.

ನನ್ನ ಮಾತಾದ ಮೇಲೆ ಹನ್ನೆ ತಲೆಬಾಗಿ ಪರದೆಯ ಹಿಂದೆ ಹೋಗಬೇಕಿತ್ತು. ಮಾತು ಬಾರದ್ದರಿಂದ ಅವಳು ಹೋಗಲಿಲ್ಲ. ಉತ್ತರಕ್ಕೆ ಕಾದು ನಿಂತಳು. ಇನ್ನೂರು ಹೆಂಗಸರೂ ಕಾದರು. ಒಂದು ಮಗುವೂ ಅಳಲಿಲ್ಲ. ಆಮೇಲೆ ಉಮ್ ಸಲ್ಲೂಮಳೇ ಎದ್ದು ಪರದೆ ಎಳೆದಳು. ಕೊನೆಯ ಎರಡು ಅಂಕ ಆಡಲೇ ಇಲ್ಲ. ಯಾರೂ ಕೇಳಲೂ ಇಲ್ಲ.

ಹದಿನೇಳನೇ ತಾರೀಕಿನ ಗುರುವಾರ ಮತ್ತೆ ಆಡಬೇಕೆಂದು ಎಲ್ಲರ ಹಟ. ಪಕ್ಕದ ಊರು ಹಾಮಾದಿಂದಲೂ ಹೆಂಗಸರು ಬರುತ್ತಾರಂತೆ. ಬರೆದವನು ನೀನು, ಆಡಿಸುವವನೂ ನೀನು. ಅಲ್ಲಿ ರಾಜ ಏನು ಹೇಳಬೇಕು? ಬೇಗ ಬರೆದು ಕಳಿಸು.

ನಜ್ಲಾ

ತರಾಬ್ಲಸ್ ಬಂದರು
1879 ಜುಲೈ 9

ಅಕ್ಕಾ,

ನಿನ್ನ ಕಾಗದವನ್ನು ಕಟಕಟೆಯ ಈಚೆ ನಿಂತು ಲಬೀಬೆಗೆ ಓದಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ಐದು ಆಟ ಆಡಿದೆ ಮಾಸ್ತರ್ರೇ. ಒಂದು ಸಲಾನೂ ಅಲ್ಲೇ ನಿಲ್ಲೋಕೆ ನನಗೆ ಹೊಳೀಲಿಲ್ಲ" ಎಂದಳು. ನನಗೂ ಹೊಳೆದಿರಲಿಲ್ಲ.

ನೀನು ಕೇಳಿದ ಮಾತು ಬರೆಯಲು ನಿನ್ನೆ ಇಡೀ ದಿನ ಕೂತೆ. ಆರು ಹಾಳೆ ಹರಿದೆ. ಅಂಥ ಮಾತಿಲ್ಲ ಅಕ್ಕಾ. ಇದ್ದಿದ್ದರೆ ಮೂವತ್ತು ವರ್ಷದಲ್ಲಿ ನಾನಾದರೂ ನಿನಗೆ ಹೇಳಿರುತ್ತಿದ್ದೆ.

ರಾಜನ ಹನ್ನೆರಡು ಸಾಲನ್ನೂ ಹೊಡೆದುಹಾಕು. ಕೊನೆಯ ಎರಡು ಅಂಕ ಒಲೆಗೆ ಹಾಕು. ನಾಲ್ಕು ದಿನದಲ್ಲಿ ನಮ್ಮನ್ನು ಬಿಡುತ್ತಾರೆ; ಗುರುವಾರಕ್ಕೆ ಮೊದಲೇ ಅಲ್ಲಿರುತ್ತೇವೆ. ಛತ್ರದ ಬಾಗಿಲಿಗೆ ಇವತ್ತೇ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸು, ಚಿಕ್ಕಪ್ಪನಿಗೂ ಪಾದ್ರಿಗೂ ದೂರದಿಂದಲೇ ಕಾಣಲಿ: ನಾಟಕ, ನೇಕಾರ ಮಿಖಾಯೀಲನ ಮಗಳು ನಜ್ಲಾಳದು. ಆಡಿಸುವವನು, ಅವಳ ತಮ್ಮ.

ಮೂರನೆಯ ಅಂಕದ ಕೊನೆಗೆ, ಮಗಳ ಮಾತಿನ ಕೆಳಗೆ, ಇಷ್ಟನ್ನು ಬರೆದುಕೋ:

ರಾಜ ಬಾಯಿ ತೆರೆಯುತ್ತಾನೆ, ಮಾತು ಬರುವುದಿಲ್ಲ. ಮಗಳು ಅವನ ಮುಖ ನೋಡುತ್ತಾ ನಿಲ್ಲುತ್ತಾಳೆ. ಹೊರಗೆ ಕುದುರೆ ಕಾದಿದೆ. ಅವಳು ಹೋಗುವುದಿಲ್ಲ.

ಪರದೆ.